ಎಲ್ಲವೂ ಮಂಗಳವಾರವೇ ನಡೆದದ್ದು

ಬೆಳಿಗ್ಗೆ ಆರೂ ನಲವತ್ತಕ್ಕೆ ನೀಲಗಂಗಾಳ ಜೇಬಿನಲ್ಲಿದ್ದ ಫೋನು ನಡುಗಿತು. ಗದಗಿನ ಗುಡ್ಡದ ಮೇಲಿರುವ ಗಾಳಿ ವಿದ್ಯುತ್ ಕೇಂದ್ರದ ನಿಯಂತ್ರಣ ಕೊಠಡಿಗೆ ಯಾರೂ ಫೋನು ತರುವಂತಿಲ್ಲ. ಹೊರಗಿನ ಕಪಾಟಿನಲ್ಲಿಟ್ಟು ಬೀಗ ಹಾಕಿಯೇ ಒಳಗೆ ಬರಬೇಕು. ಹನ್ನೊಂದು ವರ್ಷದಿಂದ ಅವಳು ಈ ನಿಯಮವನ್ನು ದಿನಾ ಮುರಿಯುತ್ತಾ ಬಂದಿದ್ದಳು. ಪಕ್ಕದ ಕುರ್ಚಿಯ ಫಕೀರೇಶ ನೋಡಿಯೂ ನೋಡದವನಂತೆ ಇದ್ದುಬಿಡುತ್ತಿದ್ದ.

“ನೀಲಾ, ಲಗೂನ ಬಾರವಾ. ನಿಮ್ಮವ್ವ ಮಾತಾಡವಲ್ಲಳು. ಮೈ ತಣ್ಣಗ ಆಗೇತಿ.”

ಅಪ್ಪ ರಾಚಪ್ಪನ ದನಿ. ಅವ್ವ ಬಸಲಿಂಗವ್ವ ತೀರಿ ಹನ್ನೊಂದು ವರ್ಷವಾಗಿತ್ತು. ಆದರೆ ಕಳೆದ ನಾಲ್ಕು ದಿನಗಳಿಂದ, ದಿನವೂ ಇದೇ ಹೊತ್ತಿಗೆ, ಇದೇ ಕರೆ, ಇದೇ ಮಾತು.

“ಬಂದೆ ಅಪ್ಪಾ, ಈಗ ಬಂದೆ,” ಎಂದಳು. ನಾಲ್ಕೂ ದಿನ ಹೇಳಿದ್ದು ಅದನ್ನೇ.

ಫಕೀರೇಶನಿಗೆ ಪರದೆಗಳನ್ನು ಒಪ್ಪಿಸಿ ಅವಳು ಮನೆಗೆ ಓಡಿದಾಗ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ರಾಚಪ್ಪ ಬಿಳಿ ಧೋತರ ಉಟ್ಟು, ಹಣೆಗೆ ವಿಭೂತಿ ಬಳಿದುಕೊಂಡು, ಭಜನೆಯವರು ಇನ್ನೂ ಯಾಕೆ ಬಂದಿಲ್ಲ ಎಂದು ಬಾಗಿಲು ನೋಡುತ್ತಾ ಕೂತಿದ್ದ. ಪಕ್ಕದ ಮನೆಯ ಮಾಬೂಬಿ ಅವನ ಕೈ ಹಿಡಿದುಕೊಂಡಿದ್ದಳು. ಬಸಲಿಂಗವ್ವನ ಗೆಳತಿ ಆಕೆ. ನೀಲಗಂಗಾ ಕೆಲಸದಲ್ಲಿದ್ದಾಗ ರಾಚಪ್ಪನ ಮೇಲೆ ಒಂದು ಕಣ್ಣಿಡುವವಳು.

“ನಾ ಏನ್ ಹೇಳಲಿ ನೀಲಾ? ಹನ್ನೊಂದು ವರ್ಷ ಆತು ಅಂದ್ರ, ನಿನಗ ಹುಚ್ಚು ಹಿಡದೈತಿ ಅಂತಾನ. ನಿನ್ನೆ ಅತ್ತಿದ್ದು ಅವಂಗ ನೆನಪಿಲ್ಲ. ನನಗ ನೆನಪೈತಲಾ, ನಾಕು ದಿನ ಆತು ನಾನೂ ಅವನ ಕೂಡ ಅಳಾಕತ್ತೀನಿ.”

ಎರಡನೇ ದಿನವೇ ನೀಲಗಂಗಾ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದಿದ್ದಳು. ಡಾಕ್ಟರು ತಲೆಯ ಚಿತ್ರ ತೆಗೆಸಿ, ಎಲ್ಲ ಸರಿಯಿದೆ, ವಯಸ್ಸಾಯಿತಲ್ಲ ಎಂದಿದ್ದರು. ಎಪ್ಪತ್ನಾಲ್ಕು ವಯಸ್ಸಾಗಿದೆ ಎಂದು ತಿಳಿಯಲು ಯಂತ್ರದೊಳಗೆ ಮಲಗಿಸಬೇಕಿತ್ತೇ ಎಂದು ಅವಳಿಗೆ ರೇಗಿಹೋಗಿತ್ತು.

ಕಾರಣ ತಿಳಿದದ್ದು ಆ ಮಂಗಳವಾರ ಮಧ್ಯಾಹ್ನ, ಅವಳು ಮತ್ತೆ ಕೇಂದ್ರಕ್ಕೆ ಬಂದಾಗ. ನಲವತ್ತೊಂದನೆಯ ಗಾಳಿಯಂತ್ರಕ್ಕೆ ಕರೆಂಟು ಹೋಗಿಬಂದಿತ್ತು. ಹಾಗಾದಾಗಲೆಲ್ಲ ಆ ಯಂತ್ರಗಳ ಗಡಿಯಾರಕ್ಕೆ ತಲೆ ಕೆಟ್ಟು, ಅವು ಬರೆದಿಟ್ಟ ಕಡತಗಳ ಮೇಲೆಲ್ಲ ೧೯೭೦ರ ಜನವರಿ ಒಂದು ಎಂದು ಬಿದ್ದುಬಿಡುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಕಾಲ ಶುರುವಾಗುವುದೇ ಆ ದಿನದಿಂದ. ಸಾವಿರಾರು ಕಡತಗಳ ತಾರೀಖನ್ನು ಒಂದೊಂದಾಗಿ ತಿದ್ದಿ ಬೇಸತ್ತ ನೀಲಗಂಗಾ ಅದಕ್ಕೊಂದು ಸ್ಕ್ರಿಪ್ಟ್ ಬರೆದಿದ್ದಳು. ಹನ್ನೆರಡು ಸಾಲಿನ ಆಜ್ಞೆಗಳ ಪಟ್ಟಿ. ಒಮ್ಮೆ ಓಡಿಸಿದರೆ ಎಲ್ಲ ಕಡತಗಳಿಗೂ ಹೊಸ ತಾರೀಖು.

“ಅಕ್ಕಾ, ನಿನ್ನ ಸ್ಕ್ರಿಪ್ಟ್ ಓಡಸ್ಲೇನು?” ಎಂದು ಫಕೀರೇಶ ಕೇಳಿದ. ಅವಳು ಹೂಂ ಅಂದಳು. ಪರದೆಯ ಮೇಲೆ ಸಾಲುಸಾಲು ಕಡತಗಳ ತಾರೀಖು ಬದಲಾದವು. ಕಡತ ಹುಟ್ಟಿದ ದಿನ, ತಿದ್ದಿದ ದಿನ, ಕೊನೆಯ ಸಲ ತೆರೆದ ದಿನ, ಮೂರಕ್ಕೆ ಮೂರೂ ಇವತ್ತು.

ನೀಲಗಂಗಾ ಕುರ್ಚಿ ಎಳೆದುಕೊಂಡು ಪರದೆಗೆ ಬಾಗಿದಳು. “ಮೂರೂ ಬದಲಾಗ್ತಾವು,” ಎಂದಳು.

“ಮತ್ತ? ನೀನ ಹಂಗ ಬರದೀಯಲಾ.”

ಎಂಟು ವರ್ಷದ ಹಿಂದೆ ರಾಚಪ್ಪನಿಗೆ ಲಕ್ವಾ ಹೊಡೆದಾಗ, ಮಿದುಳಿನಲ್ಲಿ ನೆನಪು ಕೂಡಿಡುವ ಭಾಗ ಒಣಗತೊಡಗಿತ್ತು. ಪೂರ್ತಿ ಒಣಗುವ ಮೊದಲು ಉಳಿದ ನೆನಪುಗಳನ್ನೆಲ್ಲ ಬಸಿದು, ಕಿವಿಯ ಹಿಂದೆ ಕೂರಿಸಿದ ಒಂದು ಬಿಲ್ಲೆಗೆ ಇಳಿಸಿದ್ದರು. ಒಟ್ಟು ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಕಡತಗಳು. ಪ್ರತಿಯೊಂದಕ್ಕೂ ಅದು ನಡೆದ ದಿನದ ತಾರೀಖು. ನಿನ್ನೆಯದು ನಿನ್ನೆಯದಾಗಿ, ಹಳೆಯದು ಹಳೆಯದಾಗಿ ಅನಿಸಬೇಕಾದರೆ ಆ ತಾರೀಖೇ ಆಧಾರ. ಬಿಲ್ಲೆ ಹಾಕಿಸಿಕೊಂಡವರಿಗೆ ಕಾಲ ಎನ್ನುವುದು ಬೇರೆಲ್ಲೂ ಇಲ್ಲ.

ಕಳೆದ ತಿಂಗಳು ಬಿಲ್ಲೆಯ ಕಂಪನಿ ಹೊಸ ನಿಯಮ ತಂದಿತು. ಸಾವಿರ ದಿನ ತೆರೆಯದ ನೆನಪುಗಳನ್ನು ಯಂತ್ರ ತಾನೇ ಗುಡಿಸಿ ಹಾಕುತ್ತದಂತೆ, ಜಾಗ ಸಾಲದಂತೆ. ಮನುಷ್ಯನ ಮದುವೆಯೂ ಮಕ್ಕಳ ನಗುವೂ ಇವರಿಗೆ ಬರೀ ಜಾಗ! ಆದರೆ ಉಪಾಯವನ್ನೂ ಅವರೇ ಹೇಳಿಕೊಟ್ಟಿದ್ದರು. ಹಳೆಯ ಸಂಗತಿ ಮಾತಾಡಿಸಿ, ನೆನೆದುಕೊಂಡ ಕೂಡಲೇ ಆ ಕಡತ ತೆರೆದುಕೊಳ್ಳುತ್ತದೆ, ಉಳಿಯುತ್ತದೆ.

ಹಾಗಾಗಿ ಭಾನುವಾರಗಳಂದು ನೀಲಗಂಗಾ ಅಪ್ಪನೆದುರು ಕೂತು ಒಂದೊಂದೇ ಕೆದಕುತ್ತಿದ್ದಳು. ಬದಾಮಿಗೆ ಹೋದಾಗ ಮಂಗ್ಯಾ ಚೀಲ ಕಸಕೊಂಡಿತ್ತಲಾ? ಅವ್ವ ಆ ಮಂಗ್ಯಾನ ಬೆನ್ನ ಹತ್ತಿದ್ದಳಲಾ? ರಾಚಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ. ಒಂದು ಭಾನುವಾರಕ್ಕೆ ಹತ್ತೋ ಹನ್ನೆರಡೋ ಕಡತ ತೆರೆದರೆ ಹೆಚ್ಚು. ಮೂರು ಭಾನುವಾರ ಕಳೆಯುವಷ್ಟರಲ್ಲಿ ಅವಳಿಗೆ ಸಾಕುಬೇಕಾಯಿತು. ಗಾಳಿಯ ಕಾಲ ಬೇರೆ, ಕೇಂದ್ರದಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಇಷ್ಟಕ್ಕೆಲ್ಲ ಕೂತು ಮಾತಾಡಬೇಕೇ ಎಂದುಕೊಂಡು, ಗಾಳಿಯಂತ್ರದ ಸ್ಕ್ರಿಪ್ಟನ್ನೇ ಅಪ್ಪನ ಬಿಲ್ಲೆಗೆ ಜೋಡಿಸಿದಳು. ದಿನಾ ಬೆಳಗಿನ ಐದಕ್ಕೆ ತಾನೇ ಓಡಲಿ, ಎಲ್ಲ ಕಡತಗಳಿಗೂ ಇವತ್ತಿನ ತಾರೀಖು ಹಚ್ಚಲಿ ಎಂದು.

ಗುಡಿಸುವ ಯಂತ್ರ ನೋಡುವುದು ಕೊನೆಯ ಸಲ ತೆರೆದ ದಿನವನ್ನು ಮಾತ್ರ. ಹುಟ್ಟಿದ ದಿನದ ತಾರೀಖು ಬದಲಿಸುವ ಒಂದು ಸಾಲನ್ನು ಅಳಿಸಬೇಕಿತ್ತು. ಅಳಿಸಲಿಲ್ಲ.

ಅಂದರೆ ನಾಲ್ಕು ದಿನದಿಂದ ಪ್ರತಿ ಬೆಳಿಗ್ಗೆ ಅವ್ವ ಹೊಸದಾಗಿ ಸಾಯುತ್ತಿದ್ದಳು. ಅವಳನ್ನು ಸಾಯಿಸುತ್ತಿದ್ದವಳು ನಾನು ಎಂದು ನೀಲಗಂಗಾಳಿಗೆ ಅನಿಸಿತು. ಕೂತಲ್ಲೇ ಸ್ಕ್ರಿಪ್ಟನ್ನು ನಿಲ್ಲಿಸಿದಳು.

ನಿಲ್ಲಿಸಿದರೆ ಮುಗಿಯಿತೇ? ಎಲ್ಲ ಕಡತಗಳ ಮೇಲೂ ಆ ಮಂಗಳವಾರದ ತಾರೀಖು ಹಾಗೇ ಕೂತಿತ್ತು. ಬುಧವಾರ ಬೆಳಿಗ್ಗೆ ಫೋನು ಬರಲಿಲ್ಲ ಎಂದು ಖುಷಿಯಾಗಿ ಮನೆಗೆ ಬಂದರೆ, ಅಪ್ಪ ತಲೆ ಹಿಡಿದುಕೊಂಡು ಕೂತಿದ್ದ.

“ನಿನ್ನೆ ನಮ್ಮ ಮದುವಿ ಆತು,” ಎಂದ. “ನಿನ್ನೆ ನೀ ಹುಟ್ಟಿದಿ. ನಿನ್ನೆ ಪ್ರೆಸ್ಸಿನಾಗ ನನಗ ಹಾರ ಹಾಕಿ ಕಳಿಸಿದ್ರು. ನಿನ್ನೆ ಆಕಿ ಹ್ವಾದ್ಳು. ಒಂದ ದಿನದಾಗ ಇಷ್ಟೆಲ್ಲ ಹೆಂಗ ಆತು ನೀಲಾ? ನನಗ ಭಾಳ ದಣಿವಾಗೇತಿ.”

ಅವಳು ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದಳು. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಮನುಷ್ಯ ಸಿಕ್ಕ.

“ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಮೇಡಂ. ರೋಗಿಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದಿರಾ?”

“ಅವ್ರು ನಮ್ಮಪ್ಪ ರೀ!”

“ಬಿಲ್ಲೆಯನ್ನು ಮೇಡಂ.”

ಮಾಡಿದ್ದಳು. ನಿಮ್ಮಲ್ಲಿ ಒಂದು ಪ್ರತಿ ಇರಬೇಕಲ್ಲ ಎಂದು ಕೇಳಿದಳು. ಇತ್ತು. ಆದರೆ ದಿನಾ ಬೆಳಿಗ್ಗೆ ಐದೂವರೆಗೆ ಆ ಪ್ರತಿಯೂ ಬಿಲ್ಲೆಯನ್ನು ನೋಡಿ ತನ್ನನ್ನು ತಿದ್ದಿಕೊಳ್ಳುತ್ತಿತ್ತು. ಬಹಳ ನಿಷ್ಠೆಯಿಂದ ಅದೂ ನಾಲ್ಕು ದಿನ ತಪ್ಪು ತಾರೀಖನ್ನೇ ಬರೆದುಕೊಂಡಿತ್ತು.

“ಒಂದು ದಾರಿ ಇದೆ ಮೇಡಂ. ಕಡತ ಹುಟ್ಟಿದ ದಿನದ ತಾರೀಖುಗಳನ್ನು ಪೂರ್ತಿ ಒರೆಸುತ್ತೇವೆ. ಬಿಲ್ಲೆ ಮಿದುಳನ್ನು ಓದಿ ಹೊಸದಾಗಿ ಲೆಕ್ಕ ಹಾಕಿಕೊಳ್ಳುತ್ತದೆ.”

ಒಣಗಿದ ಮಿದುಳಿನಲ್ಲಿ ಓದಲು ಏನು ಉಳಿದಿರುತ್ತದೆ ಎಂದು ಅವಳು ಕೇಳಬೇಕಿತ್ತು. ಎರಡು ದಿನದಿಂದ ನಿದ್ದೆಯಿಲ್ಲದ ತಲೆ, ಆಯ್ತು ಎಂದುಬಿಟ್ಟಳು.

ಬಿಲ್ಲೆ ಒರೆಸಿಕೊಂಡಿತು. ಓದಲು ಹೋಗಿ ಏನೂ ಸಿಗದೆ, ಎಲ್ಲ ಕಡತಗಳ ಮೇಲೂ ೧೯೭೦ರ ಜನವರಿ ಒಂದು ಎಂದು ಬರೆಯಿತು. ರಾಚಪ್ಪ ಹುಟ್ಟಿದ್ದು ಎಪ್ಪತ್ತೆರಡರಲ್ಲಿ. ಅವನ ಇಡೀ ಬಾಳು ಈಗ ಅವನು ಹುಟ್ಟುವುದಕ್ಕೂ ಮೊದಲೇ ನಡೆದುಹೋಗಿತ್ತು.

ಮರುದಿನದಿಂದ ಮನೆಯಲ್ಲಿ ಎಷ್ಟು ಶಾಂತಿ! ರಾಚಪ್ಪ ಹೊಟ್ಟೆ ತುಂಬ ಉಂಡ. ಅಳಲಿಲ್ಲ, ಯಾರನ್ನೂ ಕಾಯಲಿಲ್ಲ. ಗೋಡೆಯ ಮೇಲಿನ ಬಸಲಿಂಗವ್ವನ ಫೋಟೋ ನೋಡಿ, “ಈಕಿ ಭಾಳ ಹಿಂದಿನ ಮಂದಿ, ಛಲೋ ಹೆಣ್ಮಗಳು ಅಂತ ಕೇಳೀನಿ,” ಎಂದ. ನೀಲಗಂಗಾ ಚಹಾ ತಂದುಕೊಟ್ಟರೆ ಎದ್ದು ನಿಂತು ಎರಡೂ ಕೈಯಲ್ಲಿ ಕಪ್ಪು ಈಸಿಕೊಂಡ.

“ಕೂಡ್ರಿ ತಂಗಿ. ನಿಮಗ ಯಾಕ ತ್ರಾಸು?”

ತನ್ನಪ್ಪ ತನಗೆ ಬಹುವಚನ ಹಚ್ಚಿದ್ದನ್ನು ಕೇಳಿ ಅವಳು ಅಡುಗೆಮನೆಗೆ ಹೋಗಿ ಅತ್ತಳು. ಬೆಳಗಿನ ಆ ಕರೆ ನಿಲ್ಲಲಿ ಎಂದು ನಾಲ್ಕು ದಿನ ದೇವರಿಗೆ ಹರಕೆ ಹೊತ್ತವಳೇ ಅವಳು.

“ಇರ್ಲಿ ಬಿಡಕ್ಕಾ,” ಎಂದ ಫಕೀರೇಶ. “ಆರಾಮ ಅದಾರಲಾ. ದುಃಖ ಇಲ್ಲ, ಏನಿಲ್ಲ. ಎಷ್ಟ ಮಂದಿಗೆ ಸಿಗತೈತಿ ಹಿಂಗ?”

“ಯಾರ ಆರಾಮ ಅದಾರೋ? ಅಲ್ಲಿ ಕುಂತಾಂವ ನಮ್ಮಪ್ಪ ಅಲ್ಲ, ಯಾರೋ ಬೀಗರ ಕುಂತಂಗ ಕುಂತಾನ,” ಎಂದು ಅವಳು ಸಿಡುಕಿದಳು. ಅಪ್ಪ ತನಗೆ ಮತ್ತೆ ಅಪ್ಪನಾಗಬೇಕು. ಅದಕ್ಕೆ ನಾಲ್ಕು ಸಾವಿರ ಚಿಲ್ಲರೆ ತಾರೀಖು ಬೇಕು, ಮತ್ತು ಅವು ಲೋಕದಲ್ಲಿ ಎಲ್ಲೂ ಇಲ್ಲ.

ಇದ್ದವು. ತೋರಿಸಿದ್ದು ಮಾಬೂಬಿ.

“ನಿಮ್ಮವ್ವ ಗ್ವಾಡಿ ಕ್ಯಾಲೆಂಡರಿನ ಮ್ಯಾಲೆ ಎಲ್ಲಾ ಬರೀತಿದ್ಳಲ್ಲ?” ಎಂದಳು ಒಂದು ಮಧ್ಯಾಹ್ನ. “ಗ್ಯಾಸ್ ಹಚ್ಚಿದ್ದು, ಹಾಲು ಬಿಟ್ಟಿದ್ದು, ಊರಿಗೆ ಹೋಗಿದ್ದು, ನಿನಗ ಜ್ವರ ಬಂದಿದ್ದು. ವರ್ಷ ಮುಗಿದ ಮ್ಯಾಲೆ ಒಗೀತಿದ್ದಿಲ್ಲ. ದಪ್ಪ ಹಾಳಿ, ಒಗ್ಯಾಕ ಮನಸ ಬರೂದಿಲ್ಲ ಅಂತಿದ್ಳು.”

“ಎಲ್ಲಿಟ್ಟಾಳ?”

ಮಾಬೂಬಿ ಎದ್ದು ಅಡುಗೆಮನೆಯ ಹಲಗೆಯಿಂದ ತೊಗರಿಬೇಳೆಯ ಡಬ್ಬಿ ಎತ್ತಿದಳು. ಕೆಳಗೆ ಹಾಸಿದ್ದ ಹಾಳೆಯ ಮೇಲೆ ಎಣ್ಣೆಯ ಗುಂಡು ಕಲೆ, ಅದರೊಳಗೆ ಅವ್ವನ ಸೀಸದ ಕಡ್ಡಿಯ ಅಕ್ಷರ: ನೀಲಾ ಸೈಕಲ್ ಮೇಲಿಂದ ಬಿದ್ದಳು.

ಮನೆಯಲ್ಲಿ ಎಷ್ಟು ಡಬ್ಬಿಗಳಿದ್ದವೋ ಅಷ್ಟೂ ಕೆಳಗಿಳಿದವು. ಒಂದು ಹಾಳೆಯ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಟ್ರಂಕಿನ ತಳದಲ್ಲಿ, ದೇವರ ಕಟ್ಟೆಯ ಮೇಲೆ, ಬೀರುವಿನ ಖಾನೆಗಳಲ್ಲಿ, ಮೂವತ್ತಾರು ವರ್ಷ ಸಂಸಾರ ಮಾಡಿದ ಹೆಂಗಸಿನ ಇಡೀ ಲೆಕ್ಕ ಪಾತ್ರೆಗಳ ಅಡಿಯಲ್ಲಿ ಬಿದ್ದಿತ್ತು. ನೀಲಗಂಗಾ ಹದಿನೈದು ದಿನ ರಜೆ ಹಾಕಿ ನೆಲದ ಮೇಲೆ ಕೂತಳು. ಹಾಳೆಯ ಮೇಲಿನ ಸಂಗತಿಗೆ ಹೊಂದುವ ಕಡತ ಹುಡುಕಿ ತಾರೀಖು ಕೊಟ್ಟರೆ, ನಡುವಿನ, ಮದುವೆಗೆ ಮೊದಲಿನ, ಅವ್ವ ತೀರಿದ ಮೇಲಿನ ಸಣ್ಣಪುಟ್ಟ ನೆನಪುಗಳನ್ನು ಮಳೆಗಾಲವೋ ಬೇಸಿಗೆಯೋ, ಯಾವ ಅಂಗಿ ತೊಟ್ಟಿದ್ದೋ ನೋಡಿ ಸಾಲಾಗಿ ಕೂರಿಸಲು ಅವಳು ಇನ್ನೊಂದು ಸ್ಕ್ರಿಪ್ಟ್ ಬರೆದಳು. ಈ ಸಲ ಪ್ರತಿ ಸಾಲನ್ನೂ ಮೂರು ಸಲ ಓದಿದಳು.

ಅಷ್ಟಾದರೂ ಎಡವಟ್ಟಾಯಿತು. ರಾಚಪ್ಪ ಇಡೀ ಆಯುಷ್ಯ ದುಡಿದದ್ದು ಕ್ಯಾಲೆಂಡರು ಅಚ್ಚು ಹಾಕುವ ಪ್ರೆಸ್ಸಿನಲ್ಲಿ. ಯಂತ್ರ ನಡೆಸುವವರಿಗೆ ಮನೆಗೆ ಸಿಗುತ್ತಿದ್ದದ್ದು ಮಾರಲು ಬಾರದ ಪ್ರತಿ ಮಾತ್ರ. ಹಾಗಾಗಿ ಅವರ ಮನೆಯ ಗೋಡೆಗೆ ಸರಿಯಾದ ಕ್ಯಾಲೆಂಡರು ಎಂದೂ ಬಂದದ್ದೇ ಇಲ್ಲ. ಒಂದು ವರ್ಷ ಭಾನುವಾರಕ್ಕೆ ಕೆಂಪು ಬಿದ್ದಿರಲಿಲ್ಲ. ನೀಲಗಂಗಾ ಹುಟ್ಟಿದ ವರ್ಷದ್ದರಲ್ಲಿ ಆಗಸ್ಟ್ ತಿಂಗಳೇ ಇರಲಿಲ್ಲ, ಜುಲೈ ಎರಡು ಸಲ ಅಚ್ಚಾಗಿತ್ತು. ಬಸಲಿಂಗವ್ವ ಎರಡನೆಯ ಜುಲೈಯನ್ನೇ ಆಗಸ್ಟ್ ಮಾಡಿಕೊಂಡು, ವಾರಗಳನ್ನು ಕೈಯಿಂದ ತಿದ್ದಿ, ಸಂಸಾರ ನಡೆಸಿದ್ದಳು. ಅವಸರದಲ್ಲಿ ನೀಲಗಂಗಾ ಅದನ್ನು ಗಮನಿಸದೆ ಎರಡೂ ಹಾಳೆಯದನ್ನು ಜುಲೈಗೇ ಹಾಕಿದಳು.

ಮರುದಿನ ರಾಚಪ್ಪ ತೊಟ್ಟಿಲ ಹಾಡನ್ನು ಗುನುಗುತ್ತಾ ನಡುವೆ ನಿಲ್ಲಿಸಿ, ಹುಬ್ಬು ಗಂಟಿಕ್ಕಿದ.

“ಅಲ್ಲಬೇ, ನೀ ಹುಟ್ಟೂಕಿಂತ ಮೊದಲ ನಿನಗ ಹೆಸರಿಟ್ಟಿವೇನು? ಖಾಲಿ ತೊಟ್ಟಲಾ ತೂಗಿದ್ವೇನು?”

ನೀಲಗಂಗಾ ಕೈಯಲ್ಲಿದ್ದ ಹಾಳೆ ಬಿಟ್ಟು ಅಪ್ಪನನ್ನೇ ನೋಡಿದಳು. ತಿಂಗಳ ಮೇಲೆ ಮೊದಲ ಸಲ ಅವನು ಅವಳನ್ನು ಬೈದಿದ್ದ. ಬಹುವಚನ ಹೋಗಿತ್ತು. ಮಾಬೂಬಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು, ಅವರಿಬ್ಬರನ್ನು ನೋಡಿ ರಾಚಪ್ಪನೂ ನಕ್ಕ.

ಹೀಗೆ ಎಲ್ಲವೂ ತನ್ನ ತನ್ನ ಜಾಗಕ್ಕೆ ಬಂತು, ಒಂದರ ಹೊರತು. ಬಸಲಿಂಗವ್ವ ತೀರಿದ ದಿನದ ಕಡತವನ್ನು ನೀಲಗಂಗಾ ಮುಟ್ಟಲಿಲ್ಲ. ಅದು ೧೯೭೦ರಲ್ಲೇ ಬಿದ್ದಿರಲಿ ಎಂದು ಬಿಟ್ಟಳು. ಮುದುಕನಿಗೆ ಅಷ್ಟು ದುಃಖ ಕಮ್ಮಿಯಾದರೆ ಯಾರಿಗೆ ನಷ್ಟ ಎಂದು ತನಗೆ ತಾನೇ ಹೇಳಿಕೊಂಡಳು.

ಆದರೆ ಸತ್ತದ್ದು ದೂರ ಹೋದರೆ ಹೆಂಡತಿ ಬದುಕಿರಬೇಕಲ್ಲ! ಸಂಜೆಯಾದರೆ ರಾಚಪ್ಪ ಬಾಗಿಲು ತೆರೆದಿಟ್ಟು ಕಾಯತೊಡಗಿದ.

“ಹಾಲು ತರ್ತೀನಂತ ಹೋದಾಕಿ ಇನ್ನಾ ಬಂದಿಲ್ಲ ನೋಡು. ಎಲ್ಲಿ ಮಾತಿಗೆ ನಿಂತಾಳೋ,” ಎನ್ನುತ್ತಿದ್ದ. ಎಂಟಾಗುತ್ತಿತ್ತು, ಒಂಬತ್ತಾಗುತ್ತಿತ್ತು. ಊಟಕ್ಕೆ ಬಾ ಎಂದರೆ, “ಆಕಿ ಬರ್ಲಿ,” ಎನ್ನುತ್ತಿದ್ದ. ಮೂರು ದಿನ ಉಪವಾಸವೇ ಮಲಗಿದ.

ನಾಲ್ಕನೆಯ ದಿನ ಮಾಬೂಬಿಗೆ ಸಿಟ್ಟು ಬಂತು. “ಅದೊಂದ ಯಾಕ ಬಿಟ್ಟೀ? ಅವಂಗ ದುಃಖ ಆಗತೈತಂತ ಬಿಟ್ಟಿಯೋ, ನಿನಗ ಆಗತೈತಂತ ಬಿಟ್ಟಿಯೋ?”

ಮಾಬೂಬಿಗೆ ಎಲ್ಲ ಗೊತ್ತಿತ್ತು.

ಆ ವರ್ಷದ ಕ್ಯಾಲೆಂಡರು ಡಬ್ಬಿಯ ಕೆಳಗೆ ಹೋಗಿರಲಿಲ್ಲ. ಹಾಸುವವಳೇ ಇರಲಿಲ್ಲವಲ್ಲ. ಅಡುಗೆಮನೆಯ ಬಾಗಿಲ ಹಿಂದೆ, ಜೂನ್ ತಿಂಗಳಲ್ಲೇ ನಿಂತು, ಹನ್ನೊಂದು ವರ್ಷದಿಂದ ನೇತಾಡುತ್ತಿತ್ತು. ನೀಲಗಂಗಾ ಬಾಗಿಲು ಸರಿಸಿದಳು. ಮೂರನೇ ತಾರೀಖು: ಗ್ಯಾಸ್ ಹಚ್ಚಿದೆ. ಒಂಬತ್ತು: ಹಾಲು ಇಲ್ಲ. ಹದಿನೇಳು: ನೀಲಾಗ ರಜಾ, ಹೋಳಿಗಿ.

ಹದಿನೇಳಕ್ಕೆ ಅವಳಿಗೆ ನಿಜವಾಗಿಯೂ ರಜೆ ಇತ್ತು. ಅವ್ವ ಹಿಂದಿನ ದಿನವೇ ಕಡಲೆಬೇಳೆ ನೆನೆ ಹಾಕಿದ್ದಳು. ಗಾಳಿ ಜೋರಾಗಿದೆ, ಹೊಸ ಯಂತ್ರ ಚಾಲೂ ಮಾಡುತ್ತಾರೆ ಎಂದು ನೀಲಗಂಗಾಳೇ ರಜೆ ಬಿಟ್ಟು, ಹೇಳದೆ ಕೇಳದೆ ಬೆಳಕು ಹರಿಯುವ ಮೊದಲೇ ಗುಡ್ಡ ಹತ್ತಿದ್ದಳು. ಫೋನು ಕಪಾಟಿನಲ್ಲಿತ್ತು. ಆರೂ ನಲವತ್ತರಿಂದ ಅಪ್ಪ ಹದಿನಾಲ್ಕು ಸಲ ಫೋನು ಮಾಡಿದ್ದ. ಅವಳು ನೋಡಿದ್ದು ಸಂಜೆ ಐದಕ್ಕೆ. ಆ ಕಡತದೊಳಗೆ ಅವ್ವನ ಸಾವಿನ ಜೊತೆ ಇದೂ ಇತ್ತು, ಎತ್ತದ ಹದಿನಾಲ್ಕು ಕರೆಗಳು. ಅಪ್ಪ ಅದರ ಬಗ್ಗೆ ಎಂದೂ ಒಂದು ಮಾತು ಆಡಿರಲಿಲ್ಲ.

ಅವಳು ಅಪ್ಪನ ಪಕ್ಕ ಹೋಗಿ ಕೂತಳು. ಬಾಗಿಲು ಇನ್ನೂ ತೆರೆದೇ ಇತ್ತು.

“ಅಪ್ಪಾ, ಅವ್ವ ಬರೂದಿಲ್ಲ. ಒಂದು ದಿನದ ತಾರೀಖು ಹಚ್ಚೂದು ಬಾಕಿ ಐತಿ. ಅದನ್ನ ಹಚ್ಚಿದ್ರ ನಿನಗ ಎಲ್ಲಾ ತಿಳೀತೈತಿ. ಭಾಳ ತ್ರಾಸ ಆಗತೈತಿ. ನನ್ನ ಮ್ಯಾಲೆ ಸಿಟ್ಟೂ ಬರಬಹುದು. ಹಚ್ಚಲೇನು?”

ರಾಚಪ್ಪ ಬಾಗಿಲ ಕಡೆ ನೋಡಿದ. ನಲವತ್ತು ವರ್ಷ ಊರ ಮಂದಿಗೆಲ್ಲ ತಾರೀಖು ಅಚ್ಚು ಹಾಕಿಕೊಟ್ಟ ಮನುಷ್ಯ.

“ಒಂದು ದಿನ ಬಿಟ್ಟು ಕ್ಯಾಲೆಂಡರ್ ಹೆಂಗ ಮಾಡ್ತಾರವಾ,” ಎಂದ. “ಹಚ್ಚು.”

ಅವಳು ಸ್ಕ್ರಿಪ್ಟ್ ಓಡಿಸಲಿಲ್ಲ. ಆ ಒಂದು ತಾರೀಖನ್ನು ಕೈಯಿಂದಲೇ ಬರೆದಳು. ಅಪ್ಪ ಕಣ್ಣು ಮುಚ್ಚಿಕೊಂಡ. ಆಮೇಲೆ ಎದ್ದು, ಹೋಗಿ, ಬಾಗಿಲು ಹಾಕಿ ಚಿಲಕ ಹಾಕಿದ.

“ಹನ್ನೊಂದು ವರ್ಷ ಆತಲಾ,” ಎಂದ. “ಊಟಕ್ಕ ಹಾಕು.”

ಆ ಹದಿನಾಲ್ಕು ಕರೆಗಳ ಮಾತನ್ನು ಊಟದ ನಡುವೆಯಾಗಲಿ ಆಮೇಲಾಗಲಿ ತೆಗೆಯಲಿಲ್ಲ. ಕೇಳಲು ಅವಳಿಗೂ ಧೈರ್ಯವಾಗಲಿಲ್ಲ.

ಮರುದಿನ ನೀಲಗಂಗಾ ಕೆಲಸಕ್ಕೆ ಹೋದಳು. ಗುಡ್ಡದ ಮೇಲೆ ಗಾಳಿ ಚೆನ್ನಾಗಿತ್ತು, ಯಂತ್ರಗಳೆಲ್ಲ ತಿರುಗುತ್ತಿದ್ದವು. ಆರೂ ನಲವತ್ತಕ್ಕೆ ಜೇಬಿನಲ್ಲಿ ಫೋನು ನಡುಗಿತು. ಫಕೀರೇಶ ಅವಳ ಮುಖ ನೋಡಿದ, ಅವಳು ಅವನ ಮುಖ ನೋಡಿದಳು. ಮತ್ತೆ ಎಲ್ಲಿ ತಪ್ಪಿತು, ಯಾವ ಸಾಲು ಬಿಟ್ಟೆ ಎಂದುಕೊಳ್ಳುತ್ತಲೇ, ಎರಡನೇ ಸಲ ನಡುಗಲು ಬಿಡದೆ ಕಿವಿಗಿಟ್ಟಳು.

“ಅಪ್ಪಾ! ಏನಾತು?”

“ಏನಿಲ್ಲವಾ,” ಎಂದ ರಾಚಪ್ಪ. “ನೀ ಎತ್ತತೀ ಏನು ಅಂತ ನೋಡಿದೆ.”

ಆ ಕಡೆ ಚಹಾ ಸೊರ್ ಎಂದು ಕುಡಿದ ಸದ್ದಾಯಿತು.

“ಎತ್ತಿದಿಯಲಾ, ಸಾಕು. ಕೆಲಸಾ ನೋಡಿಕೋ,” ಎಂದು ಅವನು ಫೋನಿಟ್ಟ.